ನೂರಹನ್ನೆರಡು ಕುಂಡಗಳ ಬಾಯಾರಿಕೆ

ಬೀದಿಯವರಿಗೆಲ್ಲ ಆಕೆ ಟೇಲರಮ್ಮ. ಮೂವತ್ತು ವರ್ಷ ಕತ್ತರಿ ಹಿಡಿದು ಬಲಭುಜ ಸೆಟೆದುಕೊಂಡಿತ್ತು. ಆದರೂ ದಿನಾ ಬೆಳಿಗ್ಗೆ ಅಂಗಳದ ನಲ್ಲಿಯಿಂದ ಮೂರು ಮಹಡಿ ನೀರು ಹೊರುವುದು ತಪ್ಪಿರಲಿಲ್ಲ. ತಾರಸಿಯ ಮೇಲೆ ನೂರಹನ್ನೆರಡು ಕುಂಡಗಳಿದ್ದವು, ಎಲ್ಲವೂ ಗಂಡ ನೆಟ್ಟವು. ಅವನು ತೀರಿಕೊಂಡು ಎರಡು ವರ್ಷವಾಗಿತ್ತು.

ಮನೆಯಲ್ಲಿದ್ದ ಇನ್ನೊಂದು ಜೀವವೆಂದರೆ ನಾದಿನಿ, ನಿವೃತ್ತ ಟೈಪಿಸ್ಟ್. "ಮಂಡಿ ಕೇಳಲ್ಲ ಅತ್ತಿಗೆ," ಎನ್ನುತ್ತಾ ಅಣ್ಣ ಹೋದಂದಿನಿಂದ ಅವಳು ತಾರಸಿ ಹತ್ತಿರಲಿಲ್ಲ. ಅದೇ ಮಂಡಿ ಬೀದಿ ಕೊನೆಯ ಲೈಬ್ರರಿಗೆ ಹೋಗುವಾಗ ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆಯೇ ಟೇಲರಮ್ಮನಿಗೆ ಜೊಂಪು ಹತ್ತಿತು. ಅರೆನಿದ್ದೆಯಲ್ಲಿ ತೊಟ್ ತೊಟ್ ಎಂಬ ಸದ್ದು. ಹೆಜ್ಜೆಯ ಸಪ್ಪಳವೇ ಇಲ್ಲದೆ ಯಾರೋ ಗಿಡದಿಂದ ಗಿಡಕ್ಕೆ ನೀರುಣಿಸುತ್ತಾ ನಡೆದಂತೆ, ಎಲೆಗಳೆಲ್ಲ ನಿಧಾನ ಕಣ್ಣುಬಿಟ್ಟಂತೆ ಅನಿಸಿತು. ಎಚ್ಚರವಾದಾಗ ನೆಲ ಒದ್ದೆ. ನೆನೆಹಾಕಿದ್ದ ಹತ್ತಿ ಬಟ್ಟೆಯ ತುದಿಯೊಂದು ಮೇಜಿನ ಮೇಲಿನ ಬೋಗುಣಿಯ ಅಂಚು ದಾಟಿ ಇಳಿಬಿದ್ದು, ತನ್ನ ಪಾಡಿಗೆ ನೀರನ್ನು ಕೆಳಗಿಳಿಸುತ್ತಿತ್ತು. ಒರೆಸುವುದನ್ನೂ ಮರೆತು ಆಕೆ ಅದನ್ನೇ ನೋಡುತ್ತಾ ಕುಳಿತಳು.

ಮರುದಿನದಿಂದ ಚಿಂದಿಯ ಚೀಲಕ್ಕೆ ಬೆಲೆ ಬಂತು. ಬಣ್ಣ ಬಳಿಯುವವನಿಂದ ಇಪ್ಪತ್ತೆಂಟು ಖಾಲಿ ಡಬ್ಬ ತಂದು, ತೊಳೆದು, ಇಟ್ಟಿಗೆಗಳ ಮೇಲೆ ಎತ್ತರದಲ್ಲಿಟ್ಟಳು. ಒಂದೊಂದರ ಸುತ್ತ ನಾಲ್ಕು ಕುಂಡ; ನಾಲ್ಕಕ್ಕೂ ಡಬ್ಬದಿಂದ ಮಣ್ಣಿನೊಳಕ್ಕೆ ಹೊಸೆದ ಬಟ್ಟೆಯ ಬತ್ತಿ. ಬಹಳ ಕುಡಿಯುವ ಗಿಡಗಳನ್ನು ಒಂದು ಕಡೆ ಕೂಡಿಸಿ ದಪ್ಪ ಬತ್ತಿ ಕೊಟ್ಟಳು, ಕಳ್ಳಿಯ ಜಾತಿಗೆ ನೂಲಿನಷ್ಟು. ಬಿಸಿಲು ತೇವ ಕದಿಯದಂತೆ ಮಣ್ಣಿಗೆ ಒಣಎಲೆ ಹೊದಿಸಿ, ಡಬ್ಬಗಳಿಗೆ ಮುಚ್ಚಳ ಹಾಕಿದಳು. ಎಡಗೈಯಲ್ಲಿ ಅರ್ಧರ್ಧ ಬಕೆಟ್ ಹೊತ್ತು ಎಲ್ಲ ತುಂಬಿಸಲು ಎರಡು ದಿನ ಹಿಡಿಯಿತು. ಆಮೇಲೆ ಎರಡು ವಾರ ಬಿಡುವು.

ಅಷ್ಟರಲ್ಲಿ ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಆಕೆ ಪರವೂರಿಗೆ ಹೋಗಬೇಕಾಯಿತು. ಹನ್ನೆರಡು ದಿನ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗಲೂ ಮನಸ್ಸು ತಾರಸಿಯಲ್ಲೇ ಸುಳಿದಾಡುತ್ತಿತ್ತು.

ಹಿಂದಿರುಗಿದವಳು ಚೀಲವನ್ನೂ ಇಳಿಸದೆ ಮೆಟ್ಟಿಲೇರಿದಳು. ತಾರಸಿ ಹಸಿರಾಗಿತ್ತು. ಗೋಡೆಯ ಪಕ್ಕದ ಎಂಟು ಗಿಡಗಳು ಮಾತ್ರ ಒಣಗಿ ಕಡ್ಡಿಯಾಗಿದ್ದವು. ನೆರಳಿನಲ್ಲಿ ಹಳೆಯ ಕುರ್ಚಿ ಹಾಕಿಕೊಂಡು ನಾದಿನಿ ಕುಳಿತಿದ್ದಳು.

"ನೀನು ಹೇಗೆ ಹತ್ತಿದೆ?"

"ಕೂತು ಕೂತು ಹತ್ತಿದೆ. ಮೂರನೇ ದಿನ ಯಾಕೋ ಮನಸ್ಸು ತಡೀಲಿಲ್ಲ. ಆಮೇಲೆ ದಿನಾ ಬಂದೆ." ಅವಳು ಒಣಗಿದ ಸಾಲಿನತ್ತ ತಿರುಗಿದಳು. "ಇವಕ್ಕೆ ಏನಾಯ್ತೋ ಗೊತ್ತಾಗಲಿಲ್ಲ. ಲೋಟದಲ್ಲಿ ಹಾಕೋ ಹೊತ್ತಿಗೆ ಕೈ ಮೀರಿತ್ತು."

ಟೇಲರಮ್ಮ ಬತ್ತಿಯೊಂದನ್ನು ಎಳೆದು ಬೆರಳಲ್ಲಿ ಉಜ್ಜಿದಳು. ಮುಖ ಕೆಂಪಾಯಿತು. "ಪಾಲಿಯೆಸ್ಟರ್ ಕಣೇ. ಇದು ನೀರು ಕುಡಿಯಲ್ಲ. ಹತ್ತಿ ಅಂತ ಹಾಕಿದ್ದೀನಿ."

"ಮೂವತ್ತು ವರ್ಷ ಬಟ್ಟೆ ಮುಟ್ಟಿದ ಕೈ."

"ಬೀದೀಲಿ ಹೇಳಬೇಡ."

ನಾದಿನಿ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು. "ಅಣ್ಣ ಇಲ್ಲೇ ಎಲ್ಲೋ ಮರೇಲಿ ಬಗ್ಗಿ ಕೆಲಸ ಮಾಡ್ತಿದ್ದಾನೆ ಅನ್ನಿಸ್ತದೆ, ಅತ್ತಿಗೆ. ಅದಕ್ಕೇ ಬರ್ತಿರಲಿಲ್ಲ. ಈಗ ಅದಕ್ಕೇ ಬರ್ತೀನಿ."

ಟೇಲರಮ್ಮ ಬೋರಲು ಬಕೆಟ್ಟೊಂದನ್ನು ಕುರ್ಚಿಯ ಪಕ್ಕಕ್ಕೆಳೆದು ಕುಳಿತಳು. ಗಾಳಿ ಬೀಸಿದಾಗ ಎಲೆಗಳು ಒಂದಕ್ಕೊಂದು ತಾಗಿದವು. ಸಂಜೆಯವರೆಗೆ ಇಬ್ಬರೂ ಏಳಲಿಲ್ಲ.