ಕಾರಿನ ಹೊಟ್ಟೆಗೆ ಯಾವ ಕಪ್ಪು?

ಇವತ್ತು ಬೆಳಿಗ್ಗೆ ಅಪ್ಪ ಗೇಟಿಗೆ ಬ್ಲ್ಯಾಕ್ ಜಪಾನ್ ಬಳಿಯುತ್ತಿದ್ದ. ಆ ಕಪ್ಪು ಬಣ್ಣದ ವಾಸನೆ ನಿಮಗೂ ಗೊತ್ತಿರುತ್ತದೆ. ಡಾಂಬರಿಗೆ ಸೀಮೆಎಣ್ಣೆ ಕುಡಿಸಿದ ಹಾಗೆ. ಒಮ್ಮೆ ಮೂಗಿಗೆ ಹತ್ತಿದರೆ ಮಧ್ಯಾಹ್ನದ ಸಾರಿನಲ್ಲೂ ಅದೇ ವಾಸನೆ. ಗೇಟಿನ ಒಳಗೆ, ನಾನು ಹೋದ ವಾರ ತಂದ ಸೆಕೆಂಡ್ ಹ್ಯಾಂಡ್ ವ್ಯಾನು ನಿಂತಿತ್ತು. ಅದರ ಅಡಿಗೆ ಏನು ಬಳಿಯಬೇಕು ಅಂತ ಬೀದಿಯವರೆಲ್ಲ ಒಂದೊಂದು ಹೇಳಿ ಹೋಗಿದ್ದಾರೆ. ಅಪ್ಪ ಬ್ರಷ್ಷನ್ನು ಡಬ್ಬಿಗೆ ಅದ್ದಿ, ಒಂದು ಸಲ ವ್ಯಾನನ್ನೂ ಒಂದು ಸಲ ನನ್ನನ್ನೂ ನೋಡಿದ.

"ಇದು ಸ್ವಲ್ಪ ಉಳೀತದೆ ಕಣೋ."

"ಬೇಡ," ಅಂದೆ. ಇಬ್ಬರೂ ನಕ್ಕೆವು. ಯಾಕೆ ನಕ್ಕೆವು ಅಂತ ಹೇಳಬೇಕಾದರೆ ಹಳೇ ಕಾರಿನ ವಿಷಯ ಹೇಳಬೇಕು.

ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದ. ಪೈಪ್‌ಲೈನ್ ಫಿಟ್ಟರ್. ಎಲ್ಲಿ ಸೋರಿದರೂ ಹೋಗಿ ನಿಲ್ಲಿಸುವುದೇ ಕೆಲಸ. ಆ ಕೆಲಸ ಮನೆಗೂ ಬರುತ್ತಿತ್ತು. ನಲ್ಲಿ ತೊಟ್ಟಿಕ್ಕಿದರೆ ಊಟ ಬಿಟ್ಟು ಏಳುತ್ತಿದ್ದ. ಅಮ್ಮನ ಜರಡಿ ಒಂದನ್ನು ಬಿಟ್ಟು ನಮ್ಮ ಮನೆಯಲ್ಲಿ ಅವನು ಮುಚ್ಚದ ತೂತಿಲ್ಲ. ವಯಸ್ಸಾಗುವ ಮೊದಲೇ ಕೆಲಸ ಬಿಟ್ಟು, ಬಂದ ದುಡ್ಡಿನಲ್ಲಿ ಒಂದು ಹಳೇ ಅಂಬಾಸಿಡರ್ ತಂದ. ನನಗೆ ಓದು ಹತ್ತಲಿಲ್ಲ, ಸ್ಟೇರಿಂಗ್ ಹತ್ತಿತು. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾದ ಮೇಲೆ ಭದ್ರಾವತಿಯಿಂದ ಹೊಳೆಹೊನ್ನೂರಿಗೆ ಜನ ತುಂಬಿಕೊಂಡು ಓಡಿಸುತ್ತಿದ್ದೆ.

ಆ ದಾರಿಯಲ್ಲಿ ನಾಟಿ ಸಮಯಕ್ಕೆ ಹೋಗಿದ್ದೀರಾ? ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನೆಲ್ಲ ರಸ್ತೆಗೆ ಎಳೆದು ತಂದಿರುತ್ತವೆ. ಆ ಕೆಸರು ಕಾರಿನ ಅಡಿಗೆ ಮೆತ್ತಿಕೊಂಡರೆ ದೀಪಾವಳಿ ತನಕ ಒಣಗುವುದಿಲ್ಲ. ಮೇಲೆ ದಿನಾ ಒರೆಸಿ ಮಿಂಚಿಸುತ್ತಿದ್ದೆ. ಕೆಳಗೆ ಬಗ್ಗಿ ನೋಡುವ ಅಭ್ಯಾಸ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರಿಗೂ ಇರಲಿಲ್ಲ.

ದಿನಾ ಹಿಂದಿನ ಸೀಟಿನಲ್ಲಿ ಬರುತ್ತಿದ್ದವರು ಸುಶೀಲಮ್ಮ ಟೀಚರ್. ಹೊಳೆಹೊನ್ನೂರಿನ ಕಡೆ ಸ್ಕೂಲು. ಮಳೆ ಶುರುವಾದ ಹೊಸತರಲ್ಲಿ ಒಂದು ದಿನ ಹೊಂಡಕ್ಕೆ ಚಕ್ರ ಇಳಿಯಿತು, ಅವರು ಕೂಗಿಕೊಂಡರು.

"ಏ ನಿಲ್ಸಪ್ಪಾ! ಕಾಲು ಹೋಯ್ತು!"

"ಎಲ್ಲಿಗೆ ಟೀಚರೇ?"

"ರೋಡಿಗೆ! ಕಾರಲ್ಲಿ ಕೂತ್ರೂ ನಡ್ಕೊಂಡೇ ಹೋಗ್ಬೇಕೇನೋ ನಾನು?"

ಹಿಂದಕ್ಕೆ ಓಡಿ ಹೋಗಿ ಅವರ ಚಪ್ಪಲಿ ಹುಡುಕಿ ತಂದೆ. ಮ್ಯಾಟ್ ಎತ್ತಿದರೆ ತಗಡೇ ಇಲ್ಲ. ತುಕ್ಕಿನ ಪುಡಿ, ಅದರ ಕೆಳಗೆ ರಸ್ತೆ. ಅಷ್ಟು ದಿನ ನಾವೆಲ್ಲ ಮ್ಯಾಟಿನ ಮೇಲೆ ಕಾಲಿಟ್ಟುಕೊಂಡು ಓಡಾಡಿದ್ದೆವು.

ಸಂಜೆ ಅಪ್ಪ ಒಂದೇ ಮಾತು ಹೇಳಿದ. "ಗುಜರಿಗೆ ಹಾಕು. ಗಾಂಧಿ ಬಜಾರಲ್ಲಿ ನಿನ್ನ ಮಾವನ ಬಟ್ಟೆ ಅಂಗಡಿ ಇದೆಯಲ್ಲ, ಶಿವಮೊಗ್ಗಕ್ಕೆ ಹೋಗಿ ಸೀರೆ ಮಡಚು."

ಆ ಅಂಗಡಿಯಲ್ಲಿ ನಾನು ಮದುವೆ ಸೀಸನ್ನಿಗೆ ಒಂದಷ್ಟು ದಿನ ನಿಂತಿದ್ದೆ. ಒಂದು ಮನೆಯವರು ಕಪಾಟಿನಲ್ಲಿದ್ದ ಸೀರೆಯನ್ನೆಲ್ಲ ಬಿಚ್ಚಿಸಿ, ಕಾಫಿ ಕುಡಿದು, ಒಂದು ಕರ್ಚೀಫು ತೆಗೆದುಕೊಂಡು ಹೋದರು. ನಾನು ಅವರಿಗೆ ಏನೋ ಅಂದೆ. ಮಾವ ನನಗೆ ಏನೋ ಅಂದರು. ಅದು ಬೇಡ ಬಿಡಿ.

"ಸೀರೆ ಮಡಚಲ್ಲ ನಾನು," ಅಂದೆ. "ತಗಡು ಹಾಕಿಸ್ತೀನಿ. ಅಡಿಗೆ ಕೋಟಿಂಗ್ ಹೊಡೀತೀನಿ. ಮುಂದಿನ ಮಳೆಗಾಲ ದಾಟಿಸ್ತೀನಿ."

"ದಾಟಿಸು ನೋಡಾಣ. ಬರೋ ವರ್ಷ ಆಯುಧ ಪೂಜೆ ದಿನ ನಾನೇ ಅಡಿಗೆ ಮಲಗಿ ನೋಡ್ತೀನಿ. ಒಂದು ತೂತು ಕಂಡ್ರೂ ಕಾರು ಗುಜರಿಗೆ, ನೀನು ಗಾಂಧಿ ಬಜಾರಿಗೆ."

"ಆಯ್ತು."

ಹಳೇ ಪೇಟೆಯ ಸೆಲ್ವಣ್ಣ ವೆಲ್ಡಿಂಗ್ ಮಾಡಿ ಹೊಸ ತಗಡು ಕೂರಿಸಿದ. "ತಂಬಿ, ಕೂರ್ಸೋದು ನಂದು, ಕಾಪಾಡೋದು ನಿಂದು," ಅಂದ. ಈಗ ಶುರುವಾಯಿತು ನೋಡಿ, ಏನು ಬಳಿಯುವುದು ಅನ್ನುವ ಪಂಚಾಯಿತಿ. ಸ್ಟ್ಯಾಂಡಿನವರೆಲ್ಲ ಸುಟ್ಟ ಎಂಜಿನ್ ಆಯಿಲ್ ಪಕ್ಷ. ಅದನ್ನು ಬಳಿದು ಮಣ್ಣು ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಧೂಳು ಹತ್ತಿ ಗಟ್ಟಿಯಾಗುತ್ತದಂತೆ. ಸೆಲ್ವಣ್ಣ ಡಾಂಬರು ಕಾಯಿಸಿ ಬಳಿ ಅಂದ. ಅಪ್ಪನದು ಬ್ಲ್ಯಾಕ್ ಜಪಾನ್. ಕಾರ್ಖಾನೆಯ ಪೈಪಿಗೆಲ್ಲ ಅವನು ಅದನ್ನೇ ಕಂಡವನು. ಶಿವಮೊಗ್ಗದ ಸ್ಪೇರ್ ಪಾರ್ಟ್ಸ್ ಅಂಗಡಿಯವನು ರಬ್ಬರ್ ಕೋಟಿಂಗ್ ಅಂದ, ಅಂದವನು ನಿಲ್ಲಿಸಲೇ ಇಲ್ಲ. ಮಾತು ಬೇಡ, ಪರೀಕ್ಷೆ ಮಾಡೋಕೆ ಒಂದು ಚೂರು ಕೊಡಿ ಅಂದೆ.

"ಸ್ಯಾಂಪಲ್ ಕೊಡೋಕೆ ಇದೇನು ಹಲ್ವಾನಾ?"

ನಾನು ಅಲ್ಲಿಂದ ಕದಲಲಿಲ್ಲ. ಹಿಂದೆ ಗಿರಾಕಿಗಳು ಸೇರಿಕೊಂಡರು. ಕೊನೆಗೆ ಖಾಲಿ ಡಬ್ಬಿಯ ತಳ ಕೆರೆದು ಕೊಟ್ಟು, "ಹೋಗು ಮಾರಾಯ," ಅಂದ.

ಸೆಲ್ವಣ್ಣನ ಹತ್ತಿರ ಉಳಿದಿದ್ದ ತಗಡನ್ನು ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ಬಳಿದು ಒಣಗಿಸಿ, ಹಿಂದಿನ ಚಕ್ರದ ಹಿಂದೆ ತಂತಿಯಲ್ಲಿ ಕಟ್ಟಿದೆ. ಕೆಸರು, ಕಲ್ಲು, ನೀರು ಎಲ್ಲ ನೇರ ಅಲ್ಲಿಗೇ ಹೊಡೆಯುತ್ತದೆ. ಕಾರು ಹೋದಲ್ಲೆಲ್ಲ ಕಣಕಣ ಸದ್ದು.

"ಏನೋ, ಕಾರಿಗೆ ಗೆಜ್ಜೆ ಕಟ್ಟಿದೀಯಾ? ಯಾವಾಗ ಕುಣಿಸ್ತೀಯಾ?" ಅಂತ ಸ್ಟ್ಯಾಂಡಿನವರು ನಗುತ್ತಿದ್ದರು. ಅವರು ನಗಲಿ, ತಗಡು ಹೇಳಲಿ ಅಂತ ಓಡಿಸುತ್ತಲೇ ಇದ್ದೆ.

ಮಳೆ ನಿಂತ ಮೇಲೆ ಬಿಚ್ಚಿದೆ. ಆಯಿಲ್ ಬಳಿದ ತುಂಡಿನಲ್ಲಿ ಆಯಿಲೇ ಇರಲಿಲ್ಲ. ಡಾಂಬರು ಬಿರುಕು ಬಿಟ್ಟಿತ್ತು, ಉಗುರಲ್ಲಿ ಎತ್ತಿದರೆ ಅಡಿಯಲ್ಲಿ ನೀರು. ಬ್ಲ್ಯಾಕ್ ಜಪಾನನ್ನು ಕಲ್ಲು ಕುಕ್ಕಿ ಕುಕ್ಕಿ ತೆಗೆದಿತ್ತು. ರಬ್ಬರಿನದು ಎಮ್ಮೆ ಚರ್ಮದ ಹಾಗೆ ಕೂತಿತ್ತು. ಅಪ್ಪನ ಮುಂದೆ ಎಲ್ಲ ಇಟ್ಟೆ. ತನ್ನ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಪೈಪಿಗೆ ಕಲ್ಲು ಬೀಳಲ್ಲ, ಅದಕ್ಕೇ," ಅಂತ ಎದ್ದು ಹೋದ.

ಬೇಸಿಗೆಯಲ್ಲಿ ಸೆಲ್ವಣ್ಣನ ಶೆಡ್ಡಿನಲ್ಲಿ ಕಾರು ಏರಿಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸಿದೆ. ಕೆಳಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಮೇಲೆ ರಬ್ಬರ್. ಬಳಿಯುವ ದಿನ ಅಪ್ಪ ಪೈಪಿಗೆ ಹಚ್ಚುವ ಅಂಟಿನ ಉಂಡೆ ಹಿಡಿದುಕೊಂಡು ಬಂದ. ಪಂದ್ಯದಲ್ಲಿ ಎದುರಾಳಿ ಇವನೇ. ಆದರೂ ಕೈ ಸುಮ್ಮನಿರಬೇಕಲ್ಲ. ಬಾಗಿಲುಗಳ ತಳದ ಅಂಚನ್ನು ಬೆರಳಲ್ಲಿ ಸವರುತ್ತಾ ಹೋದ.

"ನೋಡೋ ಇಲ್ಲಿ! ತೂತು! ಕಾರು ಮಾಡಿದವ್ರು ಮುಚ್ಚೋದೇ ಮರ್ತಿದಾರೆ. ನೀರು ಇಲ್ಲಿಂದ್ಲೇ ಹತ್ತಿರೋದು."

ನನಗೂ ಹೌದೆನಿಸಿತು. ಅವನು ಒಂದೊಂದಕ್ಕೂ ಅಂಟು ತುಂಬಿ ಹೆಬ್ಬೆರಳಲ್ಲಿ ಒತ್ತಿದ. ನಾನು ಅದರ ಮೇಲೆ ರಬ್ಬರ್ ಬಳಿದೆ. ಇರುವೆ ಹೋಗಲೂ ಜಾಗ ಉಳಿಯಲಿಲ್ಲ.

ಮಳೆ ಬಂತು. ಅಡಿಗೆ ಬಗ್ಗಿ ನೋಡಿದಾಗಲೆಲ್ಲ ಕೋಟಿಂಗ್ ಹಾಗೇ ಇದೆ, ನಾನು ಎದೆ ಉಬ್ಬಿಸಿಕೊಂಡು ಓಡಿಸುತ್ತಿದ್ದೇನೆ. ಒಂದು ದಿನ ಸುಶೀಲಮ್ಮ ಟೀಚರ್ ಬಾಗಿಲಿಗೆ ಕಿವಿ ಇಟ್ಟರು.

"ಲೋ, ನೀನು ಬ್ರೇಕ್ ಹಾಕ್ದಾಗೆಲ್ಲ ಇದ್ರೊಳಗೆ ಯಾರೋ ಬಾಯಿ ಮುಕ್ಕಳಿಸ್ತಾರಲ್ಲೋ."

ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಬಾಗಿಲು ಅಲ್ಲಾಡಿಸಿದೆ. ಗುಳುಗುಳು. "ಮೀನು ಸಾಕಿದೀಯೇನೋ ಮಾರಾಯ?" ಅಂತ ಒಬ್ಬ ಕೇಳಿದ. ನನಗೆ ನಗು ಬರಲಿಲ್ಲ. ಮಳೆ ನೀರು ಗಾಜಿನ ಪಕ್ಕದ ಸಂದಿಯಿಂದ ಬಾಗಿಲ ಒಳಗೆ ಇಳಿಯುತ್ತಲೇ ಇತ್ತು. ಅದು ಹೊರಗೆ ಹೋಗಲೆಂದೇ ಬಿಟ್ಟಿದ್ದ ತೂತುಗಳನ್ನು ನಾವು ಮುಚ್ಚಿದ್ದೆವು. ಅಲ್ಲೇ ಕೆಸರಿನಲ್ಲಿ ಮಲಗಿ, ಅಪ್ಪ ತುಂಬಿದ ಅಂಟನ್ನು ಮೊಳೆಯಲ್ಲಿ ಚುಚ್ಚಿದೆ. ಚಹಾ ಬಣ್ಣದ ತುಕ್ಕಿನ ನೀರು ಮುಖದ ಮೇಲೆ ಸುರಿಯಿತು.

ಹಾಗೇ ಮನೆಗೆ ಹೋದೆ. ಅಪ್ಪ ನಂಬಲಿಲ್ಲ. "ತೂತಿದ್ರೆ ನೀರು ಒಳಗೆ ಬರ್ತದೋ, ಹೊರಗೆ ಹೋಗ್ತದೋ?"

ಚೊಂಬಿನಲ್ಲಿ ನೀರು ತಂದು ಅವನ ಕೈಗೆ ಕೊಟ್ಟು, "ಗಾಜಿನ ಸಂದೀಲಿ ಹುಯ್ಯಿ," ಅಂದೆ. ಚುಚ್ಚಿದ ಬಾಗಿಲಿಗೆ ಹುಯ್ದ, ಅಡಿಯಿಂದ ಸುರಿಯಿತು. ಚುಚ್ಚದ ಬಾಗಿಲಿಗೆ ಹುಯ್ದ. ಒಂದು ಹನಿಯೂ ಬರಲಿಲ್ಲ. ಅಪ್ಪ ಖಾಲಿ ಚೊಂಬನ್ನು ಬಾನೆಟ್ಟಿನ ಮೇಲಿಟ್ಟ. ಒಳಗೆ ಹೋದ.

ಉಳಿದವನ್ನೆಲ್ಲ ನಾನು ಬಿಡಿಸಿದೆ. ಆದರೆ ಅಷ್ಟು ದಿನ ನೀರು ಕುಡಿದ ತಗಡನ್ನು ತುಕ್ಕು ಒಳಗಿಂದ ಎಷ್ಟು ತಿಂದುಹಾಕಿದೆಯೋ ಯಾರಿಗೆ ಗೊತ್ತು? ಪಂದ್ಯ ಪಂದ್ಯವೇ. ಅಪ್ಪ ಮಾತು ಬಿಡುವವನಲ್ಲ.

ಆಯುಧ ಪೂಜೆ ಬಂತು. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಗಾಜಿಗೆ ವಿಭೂತಿ. ಅಮ್ಮ ಕುಂಬಳಕಾಯಿ ಹಿಡಿದು ನಿಂತಿದ್ದಳು. ಅಪ್ಪ ಹೊಸ ಪಂಚೆ ಮೇಲೆ ಕಟ್ಟಿ, ಗೋಣಿಚೀಲ ಹಾಸಿಕೊಂಡು, ಸ್ಕ್ರೂಡ್ರೈವರ್ ಹಿಡಿದು ಕಾರಿನ ಅಡಿಗೆ ಹೋದ. ಅಂಗುಲ ಅಂಗುಲ ಕುಟ್ಟಿ ಕುಟ್ಟಿ ನೋಡುವ ಸದ್ದು. ಒಂದು ಬಾಗಿಲಿನ ಹತ್ತಿರ ಸದ್ದು ನಿಂತಿತು. ಆಗ ಮಾವನ ಅಂಗಡಿಯ ಕಪಾಟು ನನ್ನ ಕಣ್ಣ ಮುಂದೆ ಬಂತು ಅಂದರೆ ನಗಬೇಡಿ.

ಹೊರಗೆ ಬಂದ. ಬೆನ್ನಿಗೆಲ್ಲ ಮಣ್ಣು.

"ತೂತಿದೆ," ಅಂದ.

"ಎಷ್ಟು?"

"ನಾನು ಮುಚ್ಚಿದ್ದಷ್ಟು." ಸ್ಕ್ರೂಡ್ರೈವರನ್ನು ಪಂಚೆಗೆ ಒರೆಸಿದ. "ನಿಂತ್ಕೊಂಡು ಏನು ನೋಡ್ತೀಯಾ? ಚಕ್ರದಡಿಗೆ ನಿಂಬೆಹಣ್ಣು ಇಡು, ಹೊತ್ತಾಯ್ತು."

ಆ ಕಾರನ್ನು ಹೋದ ವರ್ಷದ ತನಕ ನಾನೇ ಓಡಿಸಿದೆ. ಈಗ ಹೊಳೆಹೊನ್ನೂರಿನವರೊಬ್ಬರ ಹತ್ತಿರ ಇದೆ, ಓಡುತ್ತಿದೆ.

ಈಗ ವ್ಯಾನು. ರಬ್ಬರ್ ಕೋಟಿಂಗ್ ಡಬ್ಬಿ ತಂದಿಟ್ಟಿದ್ದೇನೆ, ಅದರಲ್ಲಿ ಯೋಚನೆ ಇಲ್ಲ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಬೇರೆ ಕೆಲಸ ಇದೆ. ಇದೇ ಈಗ, ಗೇಟು ಒಣಗಲು ಬಿಟ್ಟು, ಅಪ್ಪನನ್ನು ಕರೆದೆ. ಅವನಿಗೆ ಈಗ ಮಂಡಿ ನೋವು, ಅಡಿಗೆ ಬರಲಾಗುವುದಿಲ್ಲ. ನಾನು ವ್ಯಾನಿನ ಅಡಿಗೆ ಮಲಗಿದೆ, ಅವನು ಬಾಗಿಲ ಗಾಜಿನ ಸಂದಿಗೆ ಚೊಂಬು ಹಿಡಿದು ನಿಂತ.

"ಹುಯ್ಯಿ."

"ಹುಯ್ದೆ. ಬಂತಾ?"

"ಇಲ್ಲ."

"ಇನ್ನೊಂಚೂರು ಹುಯ್ತೀನಿ. ಬಂತಾ?"

"ಇಲ್ಲ ಕಣಪ್ಪಾ. ಯಾರೋ ಮುಚ್ಚಿದಾರೆ. ಅಂಟು ಕೈಗೆ ಸಿಗ್ತಾ ಇದೆ."

ಮೇಲಿನಿಂದ ಅವನ ನಗು ಕೇಳಿಸಿತು. ಬಗ್ಗಲಾರದೆ ಬಗ್ಗಿ, ಗೇಟಿನ ಕಪ್ಪು ಹತ್ತಿದ ಕೈಯನ್ನು ವ್ಯಾನಿನ ಅಡಿಗೆ ಚಾಚಿದ. ಕೈಯಲ್ಲಿ ಮೊಳೆ ಇತ್ತು.

"ನನ್ನಂಥೋನೇ ಯಾರೋ ಪುಣ್ಯಾತ್ಮ. ಬೈಬೇಡ ಅವ್ನಿಗೆ. ಬಾಯಿ ಮುಚ್ಕೊಂಡು ಚುಚ್ಚು, ನೀರು ಬೀಳ್ತದೆ."