ಗೌಡಸಾನಿಯವರ ಕುದುರೆ ಲಾಯ

ಹಸಿರು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುದುರೆ ಲಾಯದ ನೆಲದ ಮೇಲೆ ಕಣ್ಣು ಮುಚ್ಚಿ ಕುಳಿತು, ಗೌಡಸಾನಿಯವರು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದರು. ಮೊದಲ ಸಲ ಕಂಡಾಗ, ತಲೆ ತಿರುಗಿ ಕುಸಿದಿದ್ದಾರೆಂದು ಗಾಬರಿಯಾಗಿ ಓಡಿದೆ.

"ಗದ್ದಲಾ ಮಾಡಬ್ಯಾಡ್ರಿ ಅಕ್ಕಾರ, ನೀವೂ ಕುಂದರ್ರಿ," ಎಂದರು. "ನಿಂತ್ರ ಗಂಜಲದ ವಾಸನಿ ಗೊತ್ತಾಗಂಗಿಲ್ಲ. ಕುದುರಿ ಮಲಗೋ ಜಾಗಾದಾಗ ಕುಂತ್ರ ಕಣ್ಣು ಉರೀತಾವ. ಅದಕ್ಕ ಕೆಮ್ಮಾಕತ್ತೈತಿ."

ಇಂಗಳೇಶ್ವರದ ಶಾಲೆಗೆ ಶಿಕ್ಷಕಿಯಾಗಿ ಬಂದ ನಾನು ಅವರ ವಾಡೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಗೌಡರು ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗೌಡರು ಏರಿಕೊಂಡು ಹೊಲಕ್ಕೆ ಹೋಗುತ್ತಿದ್ದ ಕಂದು ಹೆಣ್ಣುಕುದುರೆಯೊಂದೇ ಉಳಿದಿತ್ತು. ಗೌಡಸಾನಿಯವರ ಮಾತುಕತೆಯೆಲ್ಲ ಅದರೊಂದಿಗೇ. ಆ ಊರಲ್ಲಿ ನನಗೂ ನನ್ನವರೆಂದು ಯಾರೂ ಇರಲಿಲ್ಲ. ಸಂಜೆಯಾದರೆ ಲಾಯದ ಕಟ್ಟೆಗೆ ಹೋಗಿ ಕೂರುತ್ತಿದ್ದೆ.

ಆ ವರ್ಷ ಲಾಯವನ್ನು ಬಿಚ್ಚಿ ಕಟ್ಟಿಸಿದರು. ಥಂಡಿಗೆಂದು ಮುಚ್ಚಿದ್ದ ಕಿಟಕಿಗಳನ್ನು ತೆಗೆಸಿದರು. ಬಿಸಿಗಾಳಿ ಹೊರಗೆ ಹೋಗಲೆಂದು ತಗಡಿನ ಕೆಳಗೆ ಕಂಡಿ ಬಿಡಿಸಿದರು. ಗಂಜಲ ನಿಲ್ಲದಂತೆ ನೆಲಕ್ಕೆ ಇಳಿಜಾರು ಕೊಡಿಸಿದರು. ಕುದುರೆ ತಲೆ ತಗ್ಗಿಸಿಯೇ ಮೇಯಬೇಕೆಂದು ಎತ್ತರದ ಗೋದಲಿ ಒಡೆಸಿ, ದೂಳು ಏಳದಂತೆ ನೀರು ಚಿಮುಕಿಸಿದ ಮೇವನ್ನು ಕೆಳಗೇ ಹಾಕತೊಡಗಿದರು.

"ಮುಂದಿನ ಜಲ್ಮಕ್ಕ ನಿಮ್ಮ ಮನ್ಯಾಗ ಕುದುರಿ ಆಗಿ ಹುಟ್ತೇನ್ರಿ," ಎಂದ ಗೌಂಡಿ.

"ಮೊದಲ ಈ ಗ್ವಾಡಿ ನೆಟ್ಟಗ ಕಟ್ಟು. ಆಮ್ಯಾಲ ಹುಟ್ಟೀಯಂತ," ಎಂದರು ಇವರು.

ಕೆಮ್ಮೇನೋ ನಿಂತಿತು. ಆದರೆ ಕುದುರೆ ಬಾಗಿಲಲ್ಲಿ ನಿಂತು ದಿನವಿಡೀ ತಲೆಯನ್ನು ಆಚೀಚೆ ತೂಗುತ್ತಿತ್ತು. ಹೊಸ ಮನೆಯ ಖುಷಿಗೆ ಕುಣಿಯುತ್ತಿದೆ ಎಂದು ಊರವರು ನಕ್ಕರು.

"ಕುಣ್ಯಾಕತ್ತಿಲ್ರಿ ಅದು. ಒಂಟಿ ಆಗೈತಿ," ಎಂದರು ಗೌಡಸಾನಿಯವರು. "ಎಷ್ಟ್ ಛಲೋ ಮನಿ ಕಟ್ಟಿದ್ರೇನು, ಅದರ ಜೋಡಿ ಇನ್ನೊಂದು ಕುದುರಿ ಇಲ್ಲ. ಇನ್ನೊಂದು ಸಾಕೋ ಶಕ್ತಿ ನನಗಿಲ್ಲ."

ಕುದುರೆಯನ್ನು ಜೋಡಿ ಇದ್ದವರ ಮನೆಗೆ ಕೊಟ್ಟುಬಿಟ್ಟರೆ ವಾಡೆಯಲ್ಲಿ ಅವರಿಗಾದರೂ ಯಾರಿದ್ದರು? ಊಟ ಬಿಟ್ಟು ಒದ್ದಾಡಿದರು. ಕೊನೆಗೆ, ಎರಡು ಕುದುರೆ ಸಾಕಿದ್ದ ಸಿಂದಗಿಯ ಪರಿಚಯದವರಿಗೆ ಕೊಡುವುದೆಂದಾಯಿತು. ಟೆಂಪೊದಲ್ಲಿ ನಾನೂ ಹೋದೆ. ಇಳಿಯುತ್ತಲೇ ಅದು ಕೆನೆಯಿತು. ಒಳಗಿದ್ದ ಎರಡೂ ತಿರುಗಿ ಕೆನೆದವು. ಹಗ್ಗ ಬಿಚ್ಚಿದ್ದೇ ತಡ, ಓಡಿಹೋಗಿ ಅವುಗಳ ಕುತ್ತಿಗೆಗೆ ಮೂತಿ ಹಚ್ಚಿ ನಿಂತಿತು. ನಮ್ಮತ್ತ ತಿರುಗಿ ನೋಡಲಿಲ್ಲ.

ಬರುವಾಗ ಬಸ್ಸಿನಲ್ಲಿ ಗೌಡಸಾನಿಯವರು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. ಊರು ಹತ್ತಿರವಾದಾಗ ನನ್ನ ಕೈ ಹಿಡಿದರು.

"ಇವತ್ತಿಂದ ನಿಮ್ಮ ಖೋಲ್ಯಾಗ ಒಲಿ ಹಚ್ಚಬ್ಯಾಡ್ರಿ ಅಕ್ಕಾರ. ಇಬ್ರೂ ಕೂಡೇ ಉಣ್ಣೂಣು."

ಅವರಿರುವ ತನಕ ಹಾಗೇ ಉಂಡೆವು. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಈಗ ನನ್ನ ಖೋಲಿಯಲ್ಲಿ ಮತ್ತೆ ಒಬ್ಬಳಿಗಾಗುವಷ್ಟು ರೊಟ್ಟಿ ಬಡಿಯುತ್ತೇನೆ. ಕುದುರೆಗೆ ಜೋಡಿ ಹುಡುಕಿ ಬಿಟ್ಟುಬಂದವರು ನನ್ನನ್ನು ಯಾರ ಜೊತೆಗೂ ಬಿಡದೆ ಹೋದರಲ್ಲ ಎಂದು ಅವರ ಮೇಲೆ ಸಿಟ್ಟು ಬರುತ್ತದೆ.