ಆಯಮ್ಮ ಏಳದೆ ಕುಳಿತ ದಿನಗಳು

“ಕಷ್ಟದಲ್ಲಿರೋ ಮನುಷ್ಯ ಬಾಯಿಬಿಟ್ಟು ಹೇಳೋ ಹೊತ್ತಿಗೆ ಅವನ ಮಾನ ಅರ್ಧ ಹೋಗಿರುತ್ತೆ ಕಣೇ. ಅದನ್ನ ಉಳಿಸಬೇಕು ಅಂದ್ರೆ ನಾವೇ ಮೊದಲು ನೋಡಿ ಏಳ್ಬೇಕು. ಮೂವತ್ತೊಂದು ವರ್ಷ ವಾರ್ಡಿನಲ್ಲಿ ನಾನು ಮಾಡಿದ್ದು ಅಷ್ಟೇ. ಡಾಕ್ಟ್ರಿಗೆ ನಾಡಿ ಗೊತ್ತು, ಸಿಸ್ಟರಿಗೆ ಸೂಜಿ ಗೊತ್ತು, ನನಗೆ ಗೊತ್ತಿದ್ದದ್ದು ಮುಖ. ಹೊದಿಕೆಯೊಳಗೆ ಕಾಲಿನ ಹೆಬ್ಬೆರಳು ಮಡಚಿಕೊಂಡ್ರೆ ಒಂದು ಲೆಕ್ಕ, ಮಾತಾಡ್ತಾ ಇದ್ದೋರು ಇದ್ದಕ್ಕಿದ್ದ ಹಾಗೆ ಸುಮ್ಮನಾದ್ರೆ ಇನ್ನೊಂದು ಲೆಕ್ಕ. ಹೆಂಗಸರು ದಿಂಬು ಸರಿ ಮಾಡ್ಕೋತಾರೆ. ಗಂಡಸರು ಗಂಟೆ ಎಷ್ಟು ಅಂತಾರೆ. ಅವರಿಗೆ ಬೇಕಿರೋದು ಗಂಟೆ ಅಲ್ಲ, ಬೆಡ್‌ಪ್ಯಾನು. ನಾನು ಪರದೆ ಎಳೆದು, ಬಿಸಿನೀರು ಹಾಕಿ ಬೆಚ್ಚಗೆ ಮಾಡಿದ ಪ್ಯಾನ್ ಇಟ್ಟು, ಇನ್ನೇನೋ ಮಾತಾಡ್ತಾ ಆ ಕಡೆ ತಿರುಗಿ ನಿಂತುಬಿಡ್ತಿದ್ದೆ. ಈ ನಾಯಿನೂ ಅಷ್ಟೇ. ನೆಲ ಮೂಸೋಕೂ ಮೊದಲೇ ಅದರ ಎಡಗಿವಿ ಹಿಂದಕ್ಕೆ ಹೋಗುತ್ತೆ. ನಾನು ಎದ್ದೇಬಿಡ್ತೀನಿ. ಅದು ಯಾಕೆ ಹೇಳಿ ತೋರಿಸ್ಬೇಕು?”

“ನೀನು ಹದಿನೈದು ದಿನ ಇರಲ್ಲವಲ್ಲ ಅಕ್ಕ, ಅದಕ್ಕೆ,” ಎಂದಳು ತಂಗಿ, ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆಯದೆ.

ಆಯಮ್ಮ ಬಲಮಂಡಿ ಉಜ್ಜಿಕೊಂಡಳು.

ಆಸ್ಪತ್ರೆಯ ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಆಕೆ ಇನ್ನೂ ಆಯಮ್ಮನೇ. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆಗೆ ಬಂದು ಸೇರಿಕೊಂಡಿದ್ದಳು. ತಂಗಿ ದರ್ಜಿ, ಮದುವೆಯ ಗೋಜಿಗೆ ಹೋಗದವಳು. ಮಹಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಮಂಚಗಳು ಮತ್ತು ಒಲೆ, ಇನ್ನೊಂದರಲ್ಲಿ ಕಿಟಕಿಗೆ ಮುಖಮಾಡಿದ ಹೊಲಿಗೆ ಮಿಷನ್ನು, ಗೋಡೆಗೆ ಒರಗಿ ಬಟ್ಟೆಯ ರಾಶಿ. ಕೆಳಗಿಳಿಯಲು ಹತ್ತೊಂಬತ್ತು ಮೆಟ್ಟಿಲು.

ನಾಯಿ ಬಂದದ್ದು ಕೆಳಗಿನ ಮನೆಯವರಿಂದ. ಅವರು ಮನೆ ಖಾಲಿ ಮಾಡಿದಾಗ ಮುರಿದ ಕುರ್ಚಿಯನ್ನೂ ಇದನ್ನೂ ಬಿಟ್ಟುಹೋಗಿದ್ದರು. ಬೊಗಳಿದಾಗಲೆಲ್ಲ ಪೊರಕೆಯಲ್ಲಿ ಹೊಡೆದು ಹೊಡೆದು ಅದರ ಗಂಟಲು ಕಟ್ಟಿಹೋಗಿತ್ತು. ಬೊಗಳುವುದಿರಲಿ, ಕುಂಯ್‌ಗುಡುವುದೂ ಇಲ್ಲ. “ಒಳ್ಳೇ ಗುಮ್ಮನಗುಸ್ಕನ್ನ ತಂದಿಟ್ಟೆ,” ಎಂದು ತಂಗಿ ಮೊದಲ ದಿನವೇ ಹೇಳಿದ್ದಳು. ಅದೇ ಹೆಸರು ಸವೆದು ಗುಮ್ಮ ಎಂದಾಯಿತು.

ಎರಡು ವರ್ಷ ಗುಮ್ಮನಿಂದ ಯಾರಿಗೂ ತೊಂದರೆಯಾಗಲಿಲ್ಲ. ಕಿವಿ ಹಿಂದಕ್ಕೆ ಹೋದರೆ ಆಯಮ್ಮ ಎದ್ದಿರುತ್ತಿದ್ದಳು, ಚಪ್ಪಲಿ ಮೆಟ್ಟಿರುತ್ತಿದ್ದಳು, ಬಾಗಿಲು ತೆರೆದಿರುತ್ತಿತ್ತು. ತೊಂದರೆ ಶುರುವಾದದ್ದು ಆಕೆಯ ಬಲಮಂಡಿ ಕೈಕೊಟ್ಟ ಮೇಲೆ. ಮಂಡಿ ಬದಲಾಯಿಸಬೇಕು ಎಂದರು ಡಾಕ್ಟರು. ಪರೀಕ್ಷೆಗಳಿಗೆಂದು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯಲ್ಲಿ ಕುಳಿತು ಮನೆಗೆ ಬಂದರೆ, ತಂಗಿ ಹೊಲಿದು ಮಡಚಿಟ್ಟಿದ್ದ ಹನ್ನೆರಡು ಶಾಲೆಯ ಯೂನಿಫಾರಂಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿಕೊಂಡು ಕೂತಿದ್ದಳು. ಅವುಗಳ ಮೇಲೆ ಉಚ್ಚೆ ಹೊಯ್ದ ಗುಮ್ಮ ಮಂಚದ ಕೆಳಗೆ.

“ಅದು ಒಂದು ಮಾತು ಹೇಳಬಾರದಾ? ಬಾಗಿಲು ಕೆರೆಯಬಾರದಾ?” ಎಂದಳು ತಂಗಿ. “ಒಂದು ದಿನಕ್ಕೇ ಹೀಗೆ. ಆಪರೇಷನ್ನು ಅಂದ್ರೆ ಹದಿನೈದು ದಿನ. ನನ್ನಿಂದ ಆಗಲ್ಲ ಅಕ್ಕ. ಇದು ನನ್ನ ಅನ್ನ.”

ಆ ವಾರವೇ ಉಗ್ರಾಣದ ಕಾವಲುಗಾರ ಪ್ಯಾಂಟು ಸಡಿಲ ಮಾಡಿಸಲು ಬಂದ. ಬೀದಿಯ ಕೊನೆಯ ಉಗ್ರಾಣದಲ್ಲಿ ಅವನು ಮೂರು ನಾಯಿ ಸಾಕಿದ್ದ. ತಂಗಿ ವಿಷಯ ತೆಗೆದಳು.

“ಕೊಡಿ ಅಮ್ಮ, ಮೂರರ ಜೊತೆ ನಾಲ್ಕು,” ಎಂದ ಅವನು ನಗುತ್ತಾ. “ನನ್ನ ಹತ್ರ ಒಳಗೆ ಹೊರಗೆ ಅನ್ನೋ ತಾಪತ್ರಯವೇ ಇಲ್ಲ. ಸರಪಳಿ ಎಷ್ಟು ದೂರ ಹೋಗುತ್ತೋ ಅಷ್ಟೇ ಮನೆ.”

ಕೆಟ್ಟ ಮನುಷ್ಯನೇನಲ್ಲ. ಆದರೆ ಆ ಸರಪಳಿಗಳನ್ನು ಆಯಮ್ಮ ನೋಡಿದ್ದಳು. ಮೂರು ಹೆಜ್ಜೆಯ ಉದ್ದ. ಮಲಗುವ ಜಾಗ, ತಿನ್ನುವ ಜಾಗ, ಹೇಲುವ ಜಾಗ ಎಲ್ಲ ಒಂದೇ. ವಾರ್ಡಿನಲ್ಲಿ ಒಂದು ಜೀವವನ್ನೂ ಹಾಗೆ ಮಲಗಲು ಬಿಟ್ಟವಳಲ್ಲ ಆಕೆ.

“ಇಪ್ಪತ್ತು ದಿನ ಕೊಡು,” ಎಂದಳು ತಂಗಿಗೆ. “ಕಲಿಸ್ತೀನಿ. ಆಗಲಿಲ್ಲ ಅಂದ್ರೆ ನಾನೇ ಕರ್ಕೊಂಡು ಹೋಗಿ ಅವನ ಕೈಗೆ ಕೊಡ್ತೀನಿ.”

ಮೊದಲು ಬಾಗಿಲ ಚಿಲಕಕ್ಕೆ ದಾರ ಕಟ್ಟಿ, ನಾಯಿಯ ಮೂತಿಗೆ ಸಿಗುವಷ್ಟು ಕೆಳಗೆ ಒಂದು ಪುಟ್ಟ ಗಂಟೆ ತೂಗುಬಿಟ್ಟಳು. ಹೊರಗೆ ಹೊರಡುವಾಗಲೆಲ್ಲ ಅದರ ಮುಂಗಾಲು ಹಿಡಿದು ಗಂಟೆಗೆ ತಾಗಿಸುವುದು, ಸದ್ದಾದ ತಕ್ಷಣ ಬಾಗಿಲು ತೆರೆಯುವುದು, ಕೆಳಗೆ ಕೆಲಸ ಮುಗಿದ ಮೇಲೆ ಒಂದು ಚೂರು ಬ್ರೆಡ್ಡು. ದಿನಕ್ಕೆ ಆರು ಸಲ ಆ ಮಂಡಿಯಲ್ಲಿ ಹತ್ತೊಂಬತ್ತು ಮೆಟ್ಟಿಲು ಇಳಿದು ಹತ್ತಿದಳು. ಏಳನೆಯ ದಿನ ಗುಮ್ಮ ತಾನೇ ಮೂತಿಯಿಂದ ಗಂಟೆ ತಳ್ಳಿತು. ಆಯಮ್ಮನ ಕಣ್ಣಲ್ಲಿ ನೀರು.

ಮಾರನೆಯ ದಿನ ಆಕೆ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಗಂಟೆ ಕೇಳಿಸಿತು. ಒಂದು ಸಲ. ಎರಡು ಸಲ. ತಂಗಿ ಏಳುತ್ತಾಳೆ ಎಂದುಕೊಂಡಳು. ಮೂರನೆಯ ಸಲವೂ ಆಯಿತು. ಕೈಯ ಸೋಪು ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಗುಮ್ಮ ಮಿಷನ್ನಿನ ಹಿಂದೆ ಹೋಗಿ, ಯಾರದೋ ಕೋಟಿನ ಲೈನಿಂಗಿನ ಮೇಲೆ ಕಾಲೆತ್ತಿ ಮುಗಿಸಿತ್ತು.

“ಮೂರು ಸಲ ಗಂಟೆ ಹೊಡೀತು ಕಣೇ!”

“ಈ ಮಿಷನ್ ಓಡ್ತಿರುವಾಗ ನನ್ನ ತಲೆ ಮೇಲೆ ಮನೆ ಬಿದ್ರೂ ನನಗೆ ಗೊತ್ತಾಗಲ್ಲ. ನೀನೇನು ಇವತ್ತೇ ನೋಡ್ತಿದ್ದೀಯಾ ನನ್ನ?” ಎಂದು ತಂಗಿ ಲೈನಿಂಗನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಕೋಪಕ್ಕಿಂತ ಹೆಚ್ಚಾಗಿ ಆಯಾಸ ಅವಳ ಮುಖದಲ್ಲಿತ್ತು. ಅದು ಆಯಮ್ಮನಿಗೆ ಕಾಣಿಸಿತು.

ಆ ಮಧ್ಯಾಹ್ನ ಆಕೆ ಸುಮ್ಮನೆ ಕೂತು ತಂಗಿಯನ್ನೇ ನೋಡಿದಳು, ಹೊಸದಾಗಿ ವಾರ್ಡಿಗೆ ಬಂದವರನ್ನು ನೋಡುತ್ತಿದ್ದ ಹಾಗೆ. ಕಿವಿ ಮಿಷನ್ನಿಗೆ. ಕಣ್ಣು ಸೂಜಿಗೆ. ಎರಡು ಕೈಯೂ ಬಟ್ಟೆಗೆ. ಇವಳಿಗೆ ಒಂದು ವಿಷಯ ಮುಟ್ಟಿಸಲು ದಾರಿಯೇ ಇಲ್ಲವಲ್ಲ ಎಂದುಕೊಳ್ಳುವಾಗ ಮೇಜಿನ ಅಂಚಿನಿಂದ ದಾರ ಸುತ್ತಿದ ಬಾಬಿನ್ ಜಾರಿ, ಪೆಡಲು ತುಳಿಯುತ್ತಿದ್ದ ಪಾದದ ಮೇಲೆ ಬಿತ್ತು. ಮಿಷನ್ನು ಗಕ್ಕನೆ ನಿಂತಿತು.

ಆಯಮ್ಮ ಗಂಟೆ ಬಿಚ್ಚಿ ಡಬ್ಬದೊಳಗೆ ಹಾಕಿದಳು.

ಅಂದಿನಿಂದ ತಂಗಿ ಊಟಕ್ಕೆ ಎದ್ದಾಗ ಆಯಮ್ಮ ಮಿಷನ್ನಿನ ಮುಂದೆ ಕೂರತೊಡಗಿದಳು. ಹೊಲಿಯುವುದು ಬರುತ್ತಿರಲಿಲ್ಲ. ಸೂಜಿ ತೆಗೆದಿಟ್ಟು ಬರಿದೇ ತುಳಿಯುವುದು. ಬ್ರೆಡ್ಡಿನ ಚೂರನ್ನು ಪಾದದ ಪಕ್ಕ ಹಿಡಿದು, ಗುಮ್ಮನ ಮುಂಗಾಲು ಪಾದದ ಮೇಲೆ ಬಂದಾಗ ಮಾತ್ರ ಕೊಡುವುದು. ಅಷ್ಟನ್ನು ಅದು ಮೂರೇ ದಿನದಲ್ಲಿ ಕಲಿಯಿತು. ಆಮೇಲೆ ಬ್ರೆಡ್ಡು ನಿಲ್ಲಿಸಿದಳು. ಕಾಲು ಬಂದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ನಾಯಿಗೆ ಇದರಲ್ಲಿ ಕಷ್ಟವೇನೂ ಇರಲಿಲ್ಲ. ಕಷ್ಟ ಇದ್ದದ್ದು ಆಯಮ್ಮನಿಗೆ.

ಎಡಗಿವಿ ಹಿಂದಕ್ಕೆ ಹೋದದ್ದು ಕಂಡ ಕೂಡಲೇ ಆಕೆಯ ಸೊಂಟ ತಾನಾಗಿ ಕುರ್ಚಿ ಬಿಡುತ್ತಿತ್ತು. ಆಕೆ ಎದ್ದದ್ದನ್ನು ನೋಡಿ ಗುಮ್ಮ ನೇರ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಹೇಳುವ ಅಗತ್ಯವೇ ಅದಕ್ಕೆ ಬೀಳುತ್ತಿರಲಿಲ್ಲ.

“ನಾಯಿಗೆ ಕಲಿಸೋದು ಆಮೇಲೆ, ಮೊದಲು ನೀನು ಕಲಿ,” ಎಂದಳು ತಂಗಿ, ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು. “ನಾನು ಹಾಗೆ ಏಳ್ತೀನಾ? ನಾನಾಗಿ ಕೂತ್ಕೋ. ಸೂಜಿ ಬಿಟ್ಟು ಇನ್ನೇನನ್ನೂ ನೋಡಬೇಡ.”

“ಕಂಡೂ ಕಾಣದ ಹಾಗೆ ಕೂರೋದು ನನ್ನ ಕೈಲಿ ಆಗಲ್ಲ ಕಣೇ.”

“ಯಾಕೆ ಆಗಲ್ಲ?”

ಆಗ ಆಯಮ್ಮ ಎಂದೂ ಹೇಳದಿದ್ದ ಒಂದು ವಿಷಯ ಹೇಳಿದಳು. ಮೂಲೆಯ ಮಂಚದಲ್ಲಿ ಒಬ್ಬರು ಮೇಷ್ಟ್ರಿದ್ದರು, ಸೊಂಟ ಮುರಿದುಕೊಂಡವರು. ಮಹಾ ಸಂಕೋಚದ ಮನುಷ್ಯ. ನಲವತ್ತು ದಿನ ಅವರು ಬಾಯಿಬಿಟ್ಟು ಏನೂ ಹೇಳದಂತೆ ಈಕೆ ನೋಡಿಕೊಂಡಿದ್ದಳು. ನಲವತ್ತೊಂದನೆಯ ದಿನ ಜ್ವರ ಬಂದು ರಜೆ ಹಾಕಿದಳು. ಬದಲಿಗೆ ಬಂದವಳು ಒಳ್ಳೆಯವಳೇ. ಕರೆದಿದ್ದರೆ ಓಡಿ ಬರುತ್ತಿದ್ದಳು. ಮೇಷ್ಟ್ರು ಕರೆಯಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಾಗೇ ತೋಯ್ದು ಮಲಗಿದ್ದರು. ಮಾರನೆಯ ದಿನ ಆಯಮ್ಮ ಬಂದಾಗ ಅವರು ಗೋಡೆಯ ಕಡೆ ತಿರುಗಿಕೊಂಡರು. ಮನೆಗೆ ಹೋಗುವವರೆಗೂ ಮಾತಾಡಲಿಲ್ಲ.

“ಅವರು ನಿನ್ನ ಮೇಲೆ ಯಾಕೆ ಸಿಟ್ಟಾಗಬೇಕಿತ್ತು?” ಎಂದಳು ತಂಗಿ.

“ಅದನ್ನೇ ಇಷ್ಟು ವರ್ಷ ಯೋಚಿಸ್ತಿದ್ದೆ. ಒಂದು ಸಲ ಕರೆದು ನೋಡಿ ಮೇಷ್ಟ್ರೇ, ಏನೂ ಆಗಲ್ಲ ಅಂತ ನಾನು ಒಂದು ದಿನವಾದ್ರೂ ಅಂದಿದ್ರೆ ಆಗ್ತಿತ್ತು. ಅನ್ನಲಿಲ್ಲ. ನನಗೂ ಅದೊಂದು ಹೆಮ್ಮೆ ಇತ್ತು ಕಣೇ. ನಾನಿಲ್ಲದಿದ್ರೆ ಆಗಲ್ಲ ಅಂತ.”

ತಂಗಿ ತಟ್ಟೆ ಕೆಳಗಿಟ್ಟು, ಕೈ ತೊಳೆದು, ಅಕ್ಕನ ಹಿಂದೆ ಬಂದು ನಿಂತಳು. ಎರಡು ಭುಜದ ಮೇಲೂ ಕೈ ಇಟ್ಟಳು. “ತುಳಿ,” ಎಂದಳು.

ಆ ದಿನ ನೆಲ ಒದ್ದೆಯಾಯಿತು. ಆಯಮ್ಮನೇ ಒರೆಸಿದಳು. ಮರುದಿನವೂ ಒದ್ದೆಯಾಯಿತು. ಅದರ ಮರುದಿನ ಕಿವಿ ಹಿಂದಕ್ಕೆ ಹೋಯಿತು, ಗುಮ್ಮ ಬಾಗಿಲಿಗೆ ಹೋಗಿ ತಿರುಗಿ ನೋಡಿತು, ಮತ್ತೆ ಬಂದು ನಿಂತಿತು. ಆಯಮ್ಮ ಸೂಜಿಯಿಲ್ಲದ ಸೂಜಿಯ ಜಾಗವನ್ನೇ ದಿಟ್ಟಿಸುತ್ತಾ ತುಳಿಯುತ್ತಿದ್ದಳು. ಭುಜದ ಮೇಲೆ ತಂಗಿಯ ಕೈ ಬಿಗಿಯಾಗಿತ್ತು. ಎಷ್ಟು ಹೊತ್ತೋ. ಕೊನೆಗೆ ಪಾದದ ಮೇಲೆ ಒಂದು ಬೆಚ್ಚಗಿನ ಭಾರ ಬಂದು ಕೂತಿತು.

ಆದರೂ ಅದು ಅಕ್ಕನ ಪಾದ. ತಂಗಿಯ ಪಾದಕ್ಕೆ ಬರಬೇಕಲ್ಲ? ಆಯಮ್ಮ ಮನೆಯಲ್ಲಿರುವಷ್ಟು ಹೊತ್ತು ಅದು ಆಕೆಯ ಬಳಿಯೇ ಹೋಗುತ್ತಿತ್ತು. ಆಸ್ಪತ್ರೆಗೆ ಸೇರಲು ಎರಡೇ ದಿನ ಉಳಿದಿತ್ತು.

“ಇವತ್ತು ನೀನು ಕೆಳಗೆ ಕೂತಿರು,” ಎಂದಳು ತಂಗಿ ಬೆಳಿಗ್ಗೆ. “ಬಂತು ಅಂದ್ರೆ ಬಂತು. ಇಲ್ಲ ಅಂದ್ರೆ ಸಂಜೆ ಕಾವಲುಗಾರನಿಗೆ ಹೇಳಿಬಿಡೋಣ. ಮನಸ್ಸು ಗಟ್ಟಿ ಮಾಡ್ಕೋ.”

ಹತ್ತು ಗಂಟೆಗೆ ಆಯಮ್ಮ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ನೇರ ಮೇಲೆ ತಂಗಿಯ ಕಿಟಕಿ. ಮಿಷನ್ನಿನ ಸದ್ದು ಕೇಳುತ್ತಿತ್ತು. ಹಾದುಹೋಗುವವರು “ಏನು ಆಯಮ್ಮ, ಇಲ್ಲಿ?” ಎಂದರೆ “ಬಿಸಿಲಿಗೆ” ಎಂದಳು. ಬಿಸಿಲು ಇನ್ನೂ ಆ ಕಡೆಯ ಗೋಡೆಯಲ್ಲೇ ಇತ್ತು.

ಸದ್ದು ನಿಂತಾಗಲೆಲ್ಲ ಕತ್ತೆತ್ತಿ ಕಿಟಕಿ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತಿತ್ತು, ದಾರ ಬದಲಾಯಿಸಿದ್ದಷ್ಟೇ. ಕೇಳುತ್ತಾ ಕೇಳುತ್ತಾ ಆಕೆಗೆ ತಿಳಿಯತೊಡಗಿತು: ಇದು ತೋಳಿನ ಗಿಡ್ಡ ಹೊಲಿಗೆ, ಇದು ಪಕ್ಕೆಯ ಉದ್ದ ಹೊಲಿಗೆ. ಹನ್ನೊಂದಾಯಿತು. ಹನ್ನೊಂದೂವರೆ. ಇಷ್ಟು ಹೊತ್ತಿಗೆ ಅದಕ್ಕೆ ಅವಸರ ಬಂದಿರಲೇಬೇಕು. ಮೇಲೆ ಹೋಗಿ ಬಾಗಿಲ ಸಂದಿಯಲ್ಲಿ ನೋಡೋಣವೇ? ಕಂಬಿ ಹಿಡಿದು ಅರ್ಧ ಎದ್ದಳು. ಮತ್ತೆ ಕೂತಳು. ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಕೊಂಡಳು.

ಆಗ ಒಂದು ಉದ್ದ ಹೊಲಿಗೆಯ ನಟ್ಟನಡುವೆ, ಯಾರೂ ನಿಲ್ಲಿಸದ ಜಾಗದಲ್ಲಿ, ಮಿಷನ್ನು ನಿಂತಿತು.

ಬಾಗಿಲ ಸದ್ದು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ತಂಗಿ ಇಳಿದು ಬಂದಳು, ಮುಂದೆ ಗುಮ್ಮ.

“ದಾರಿ ಬಿಡು, ಮಹಾರಾಜರ ಸವಾರಿ,” ಎಂದಳು. “ಎರಡು ಕಾಲನ್ನೂ ಇಟ್ಟುಬಿಡ್ತು ಅಕ್ಕ. ಇಟ್ಟು ನನ್ನ ಮುಖ ನೋಡ್ತು.”

ಆಪರೇಷನ್ ಆದ ಮಾರನೆಯ ಬೆಳಿಗ್ಗೆ ಆಯಮ್ಮ ತಾನು ಡ್ಯೂಟಿ ಮಾಡಿದ್ದ ವಾರ್ಡಿನಲ್ಲೇ ಮಲಗಿದ್ದಳು. ಈಗಿನ ಆಯಾ ನಡುವಯಸ್ಸಿನವಳು, ಇವಳ ಪರಿಚಯವಿಲ್ಲ. ಬೇಕೆನಿಸಿದಾಗ ಆಯಮ್ಮ ಅವಳ ಕಡೆ ನೋಡಿದಳು. ಅವಳು ಕಿಟಕಿ ಒರೆಸುತ್ತಿದ್ದಳು. ಆಯಮ್ಮ ದಿಂಬು ಸರಿಮಾಡಿಕೊಂಡಳು, ಅವಳು ತಿರುಗಲಿಲ್ಲ. ಕೂಗಲು ನಾಲಿಗೆ ಏಳಲಿಲ್ಲ. ಎರಡು ಕಿಟಕಿ ಒರೆಸಿ ಮೂರನೆಯದಕ್ಕೆ ಹೋದಳು ಅವಳು. ಆಗ ಆಯಮ್ಮ, ಇಡೀ ವಾರ್ಡಿಗೆ ಕೇಳುವ ಹಾಗೆ, “ಅಮ್ಮಾ, ಇಲ್ಲಿ ಬೆಡ್‌ಪ್ಯಾನ್ ಬೇಕು,” ಎಂದಳು. ಪಕ್ಕದ ಮಂಚದವಳು ತಿರುಗಿಯೂ ನೋಡಲಿಲ್ಲ. ಆಯಾ ಬಟ್ಟೆ ಕೆಳಗೆ ಹಾಕಿ ಬಂದಳು. ಪ್ಯಾನು ತಣ್ಣಗಿತ್ತು. ಆದರೂ ಸರಿಯಾದ ಹೊತ್ತಿಗೆ ಬಂದಿತ್ತು.

ತಂಗಿ ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು. “ನಾಲ್ಕು ಸಲ ಇಳಿದು ಹತ್ತಿದೆ. ಪಾದದ ಚರ್ಮ ಕಿತ್ತುಹಾಕಿದ್ದಾನೆ ನಿನ್ನ ಮಗ,” ಎನ್ನುವಳು, ಇಡುವಳು.

ಹದಿನೈದನೆಯ ದಿನ ವಾಕರ್ ಹಿಡಿದು ಆಯಮ್ಮ ಮನೆಗೆ ಬಂದಳು. ಹತ್ತೊಂಬತ್ತು ಮೆಟ್ಟಿಲಿಗೆ ಕಾಲು ಗಂಟೆ ಹಿಡಿಯಿತು. ಗುಮ್ಮ ಆಕೆಯ ಸುತ್ತ ಸುತ್ತಿ, ಸೀನಿ, ಕೊನೆಗೆ ಆಸ್ಪತ್ರೆಯ ವಾಸನೆಯ ಬಟ್ಟೆಯಲ್ಲಿ ಮೂತಿ ಹುದುಗಿಸಿತು. ಬಟ್ಟೆಯ ರಾಶಿಯೆಲ್ಲ ಗೋಡೆಯ ಬದಿಯಿಂದ ಮೇಜಿನ ಮೇಲೆ ಏರಿತ್ತು. ಮಿಷನ್ನಿನ ಹಿಂದಿನ ಮೂಲೆಯಿಂದ ಫಿನಾಯಿಲ್ ವಾಸನೆ. ಆ ವಾಸನೆ ಎಷ್ಟು ದಿನದ್ದು ಎಂದು ಆಯಮ್ಮನಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಂದು ಸಲವೋ ಎರಡು ಸಲವೋ ತಪ್ಪಿತ್ತು.

“ಏನೂ ತೊಂದರೆ ಆಗಲಿಲ್ಲವೇನೇ?”

“ಏನೂ ಇಲ್ಲ,” ಎಂದಳು ತಂಗಿ, ಬಟ್ಟೆಯಿಂದ ತಲೆಯೆತ್ತದೆ.

“ಸರಿ,” ಎಂದಳು ಆಯಮ್ಮ.

ಕುರ್ಚಿಯಲ್ಲಿ ಕಾಲು ಚಾಚಿ ಕೂತು ಸ್ವಲ್ಪ ಹೊತ್ತಾಗಿತ್ತು. ಕಿಟಕಿಯ ಕೆಳಗೆ ಮಲಗಿದ್ದ ಗುಮ್ಮನ ಎಡಗಿವಿ ಹಿಂದಕ್ಕೆ ಹೋಯಿತು. ಆಯಮ್ಮನ ಕೈ ವಾಕರಿನ ಮೇಲೆ ಬಿಗಿಯಿತು. ಗುಮ್ಮ ಎದ್ದಿತು, ಆಕೆಯನ್ನು ಒಮ್ಮೆ ನೋಡಿತು, ಆಕೆಯ ಮುಂದೆಯೇ ಹಾದು ತಂಗಿಯ ಬಳಿ ಹೋಗಿ, ಪೆಡಲಿನ ಮೇಲಿದ್ದ ಪಾದಕ್ಕೆ ಕಾಲಿಟ್ಟಿತು. ಮಿಷನ್ನು ನಿಂತಿತು.

“ಬಂದೆ ಮಾರಾಯ, ಬಂದೆ,” ಎಂದು ತಂಗಿ ಎದ್ದಳು.

ಇಬ್ಬರೂ ಇಳಿದುಹೋದ ಸದ್ದು ಕೊನೆಯ ಮೆಟ್ಟಿಲವರೆಗೂ ಆಯಮ್ಮ ಕೇಳಿಸಿಕೊಂಡಳು. ಆಮೇಲೆ ಒಣಗಿದ ಬಟ್ಟೆಯ ಬುಟ್ಟಿಯನ್ನು ವಾಕರಿನ ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡಳು. ಒಳಮಗ್ಗುಲು ಹೊರಗಾಗಿ ಒಣಗಿದ್ದ ದಿಂಬಿನ ಚೀಲವನ್ನು ಹೊರಳಿಸಿ, ಮೂಲೆಗಳನ್ನು ಬೆರಳಿನಿಂದ ಚುಚ್ಚಿ ಸರಿಮಾಡಿ, ತೊಡೆಯ ಮೇಲಿಟ್ಟು ನಾಲ್ಕಾಗಿ ಮಡಚಿದಳು. ಆಮೇಲೆ ಟವೆಲ್ಲು.